ಸೆಲ್9ಎ ಸೆಲ್ಯುಲೋಸಿಗೆ ಅಂಟುತ್ತದೆ, ಆದರೆ ಕತ್ತರಿಸುವುದಿಲ್ಲ. ಎಲ್ಲಿ ತಪ್ಪಿದೆ?

ಕಿಣ್ವದಹುಳ: ಎರಡು ವಾರದಿಂದ ತಲೆ ಕೆಟ್ಟಿದೆ. ಥರ್ಮೋಬಿಫಿಡಾ ಫುಸ್ಕಾ ಬ್ಯಾಕ್ಟೀರಿಯಾದ, ಸೆಲ್ಯುಲೋಸ್ ಕತ್ತರಿಸುವ ಸೆಲ್9ಎ ಕಿಣ್ವವನ್ನು ಇ.ಕೋಲೈನಲ್ಲಿ ಮಾಡಿಸುತ್ತಿದ್ದೇನೆ. ಪೂರ್ತಿ ಪ್ರೋಟೀನು 90 ಕಿಲೋಡಾಲ್ಟನ್. ಜಾಸ್ತಿ ಉದ್ದವಾಯಿತು ಅಂತ ನಡುವಿನ ಸಿಬಿಎಂ3ಸಿ ತುಂಡನ್ನು ತೆಗೆದುಹಾಕಿದೆ (ಸಿಬಿಎಂ ಅಂದರೆ ಸೆಲ್ಯುಲೋಸಿಗೆ ಅಂಟುವ ತುಂಡು). ಕತ್ತರಿಸುವ ಭಾಗ ಇದೆ, ಫೈಬ್ರೊನೆಕ್ಟಿನ್ ಥರದ ತುಂಡು ಇದೆ, ಬಾಲದಲ್ಲಿ ಗಟ್ಟಿಯಾಗಿ ಅಂಟುವ ಸಿಬಿಎಂ2 ಇದೆ. ಒಂದು ಅಂಟು ಸಾಕಲ್ವಾ ಅಂದುಕೊಂಡೆ. ಜೆಲ್‌ನಲ್ಲಿ ಒಂದೇ ಬ್ಯಾಂಡ್, ಚೊಕ್ಕವಾಗಿದೆ. ಬ್ಯಾಕ್ಟೀರಿಯಾ ಸೆಲ್ಯುಲೋಸಿನ ಜೊತೆ ಕಲಸಿ ಸೆಂಟ್ರಿಫ್ಯೂಜ್ ಮಾಡಿದರೆ ಪ್ರೋಟೀನೆಲ್ಲ ತಳಕ್ಕೆ ಹೋಗುತ್ತದೆ. ಅಂದರೆ ಅಂಟಿದೆ. ಆದರೆ 50 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟರೂ ಡಿಎನ್‌ಎಸ್ (ಬಿಡುಗಡೆಯಾದ ಸಕ್ಕರೆ ಇದ್ದರೆ ಕುದಿಸಿದಾಗ ಕೆಂಪಾಗುವ ದ್ರಾವಣ) ಹಳದಿಯಾಗಿಯೇ ಉಳಿಯುತ್ತದೆ. ಫಿಲ್ಟರ್ ಪೇಪರಿನಲ್ಲೂ ಅದೇ ಕಥೆ. ನೀರಲ್ಲಿ ಕರಗುವ ಸೆಲ್ಯುಲೋಸ್ ಆದ ಸಿಎಂಸಿ ಮೇಲೆ ಮಾತ್ರ ಸ್ವಲ್ಪ ಬಣ್ಣ.

ಬಫರ್_ಭಟ್ಟ: ಮೊದಲು ಸುಲಭದ್ದು ನೋಡೋಣ. ಇಡಿಟಿಎ ಏನಾದರೂ ಹಾಕಿದ್ದೀರಾ? ಇದರ ರಚನೆಯೊಳಗೆ ಕ್ಯಾಲ್ಸಿಯಂ ಕೂತಿದೆ, ಇಡಿಟಿಎ ಅದನ್ನು ಕಿತ್ತುಕೊಳ್ಳಬಹುದು. ಪಿಎಚ್ ಎಷ್ಟು?

ಕಿಣ್ವದಹುಳ: ಇಡಿಟಿಎ ಇಲ್ಲ. ಅಸಿಟೇಟ್, 5.5. ಗ್ಲೂಕೋಸ್ ಹಾಕಿದ ಕೊಳವೆ ಚೆನ್ನಾಗಿ ಕೆಂಪಾಗುತ್ತದೆ, ಹಾಗಾಗಿ ಡಿಎನ್‌ಎಸ್ ಮೇಲೆ ಅನುಮಾನ ಇಲ್ಲ.

ಎರಡ್ನೇಕಾಫಿ: ಸಕ್ರಿಯ ಜಾಗವೇ ಸತ್ತಿರಬಹುದು. 2-ಫ್ಲೂರೋ ಸೆಲ್ಲೋಬಯೋಸೈಡ್ ಹಾಕಿ ಮಾಸ್ ಸ್ಪೆಕ್‌ಗೆ ಕೊಡಿ. ನಮ್ಮ ಜಿಎಚ್5 ಕುಟುಂಬದ ಕಿಣ್ವಕ್ಕೆ ಸಕ್ಕರೆ ಅಂಟಿಕೊಂಡಿದ್ದು ಚೆನ್ನಾಗಿ ಕಂಡಿತ್ತು.

ಗೊಬ್ಬರಗುಂಡಿ: ಸುಮ್ನೆ ದುಡ್ಡು ಸುರಿಯಬೇಡಿ. ಜಿಎಚ್5ರಲ್ಲಿ ಕೆಲಸ ಎರಡು ಹೆಜ್ಜೆ. ಕಿಣ್ವದ ಒಂದು ಅಮೈನೋ ಆಮ್ಲ, ಗ್ಲುಟಮೇಟ್, ಸಕ್ಕರೆಯನ್ನು ತಾನೇ ಹಿಡಿದುಕೊಳ್ಳುತ್ತದೆ, ಆಮೇಲೆ ನೀರು ಬಂದು ಬಿಡಿಸುತ್ತದೆ. ಆ ಹಿಡಿತವನ್ನೇ ನೀವು ಕಂಡದ್ದು. ಸೆಲ್9ಎ ಸೇರಿದ ಜಿಎಚ್9 ಕುಟುಂಬದಲ್ಲಿ ಆ ಹಿಡಿತವೇ ಇಲ್ಲ, ಎಲ್ಲ ಒಂದೇ ಏಟಿಗೆ. ಗ್ಲುಟಮೇಟ್ 424 ಕೊಂಡಿಯ ಆಕ್ಸಿಜನ್‌ಗೆ ಪ್ರೋಟಾನ್ ಕೊಡುತ್ತದೆ. ಅದೇ ಹೊತ್ತಿಗೆ ಆಸ್ಪಾರ್ಟೇಟ್ 55 ಮತ್ತು 58 ಸಜ್ಜು ಮಾಡಿದ ನೀರು ಎದುರು ಬದಿಯಿಂದ ಹೊಡೆಯುತ್ತದೆ. ಬೀಟಾ ಕೊಂಡಿ ಒಡೆದು ಆಲ್ಫಾ ಸಕ್ಕರೆ ಹೊರಬರುತ್ತದೆ. ಫ್ಲೂರೋ ಸಕ್ಕರೆ ಇಲ್ಲಿ ಎಲ್ಲಿಗೂ ಸಿಕ್ಕಿಕೊಳ್ಳುವುದಿಲ್ಲ.

ಇನ್ನು ಕಿಣ್ವದಹುಳ ಅವರಿಗೆ. ಸಿಎಂಸಿ ಮೇಲೆ ಬಣ್ಣ ಬಂದಿದೆ ಅಂದಮೇಲೆ ಸಕ್ರಿಯ ಜಾಗ ಬದುಕಿದೆ. ನೀವು ತೆಗೆದ ತುಂಡೇ ತೊಂದರೆ. ಅದು ಹೆಸರಿಗೆ ಮಾತ್ರ ಅಂಟು. ಈ ಕಿಣ್ವದ 1997ರ ಸ್ಫಟಿಕ ರಚನೆ ತೆರೆದು ನೋಡಿ. ಆಲ್ಫಾ ಹೆಲಿಕ್ಸ್‌ಗಳ ಪೀಪಾಯಿಯ ಪಕ್ಕಕ್ಕೇ ಸಿಬಿಎಂ3ಸಿ ಒತ್ತಿಕೊಂಡಿದೆ, ಅದರ ಚಪ್ಪಟೆ ಮುಖ ಸಕ್ರಿಯ ಸೀಳಿನ ಸಾಲಿಗೇ ಬರುತ್ತದೆ. ಸೆಲ್ಯುಲೋಸಿನ ಒಂದು ಎಳೆಯನ್ನು ಹಿಡಿದು ಸೀಳಿಗೆ ಕೊಡುವುದು ಅದರ ಕೆಲಸ. ಗಾಣಕ್ಕೆ ಕಬ್ಬು ಕೊಡುವ ಕೈ ಇದ್ದ ಹಾಗೆ. ನೀವು ಗಾಣವನ್ನು ಗದ್ದೆಯಲ್ಲಿ ಭದ್ರವಾಗಿ ನೆಟ್ಟು, ಆ ಕೈಯನ್ನೇ ಕಡಿದಿದ್ದೀರಿ.

ಇದನ್ನು ಕಾರ್ನೆಲ್‌ನ ಡೇವಿಡ್ ವಿಲ್ಸನ್ ಗುಂಪು 1998ರಲ್ಲೇ ಮಾಡಿ ನೋಡಿದೆ. ಆಗ ಕಿಣ್ವದ ಹೆಸರು ಇ4, ಮುಂದಿನ ಸಂಖ್ಯೆ ಕಿಲೋಡಾಲ್ಟನ್ ತೂಕ. ನಿಮ್ಮದೇ ವಿನ್ಯಾಸ, ಇ4-74, ಬ್ಯಾಕ್ಟೀರಿಯಾ ಸೆಲ್ಯುಲೋಸಿಗೆ ಅಂಟಿತು, ಆದರೆ ಕತ್ತರಿಸಿದ್ದು ಇಲ್ಲವೆನ್ನುವಷ್ಟು ಕಡಿಮೆ. ಬಾಲ ತೆಗೆದು ಸಿಬಿಎಂ3ಸಿ ಉಳಿಸಿದ ಇ4-68 ಅಂಟಲೇ ಇಲ್ಲ, ಆದರೂ 32% ಕೆಲಸ ಉಳಿಸಿಕೊಂಡಿತು. ಚಿಕ್ಕದು ಬೇಕಿದ್ದರೆ ಬಾಲ ಕತ್ತರಿಸಬೇಕಿತ್ತು ಮಾರಾಯರೇ, 74ಕ್ಕಿಂತ 68 ಚಿಕ್ಕದಲ್ವಾ!

ಕಿಣ್ವದಹುಳ: ಅಯ್ಯೋ. ಹಾಗಾದರೆ ಫಿಲ್ಟರ್ ಪೇಪರಿನಲ್ಲಿ ಏನೂ ಆಗಿಲ್ಲವೇ?

ಗೊಬ್ಬರಗುಂಡಿ: ಆಗಿರಬಹುದು, ನೀವು ನೋಡಿದ್ದು ಮೇಲಿನ ನೀರನ್ನು ಮಾತ್ರ ಅನ್ನಿಸುತ್ತದೆ. ಪೇಪರನ್ನು ಚೆನ್ನಾಗಿ ತೊಳೆದು, ಅದನ್ನೇ ಡಿಎನ್‌ಎಸ್‌ನಲ್ಲಿ ಕುದಿಸಿ. ಎಳೆಯನ್ನು ಬಿಡದೆ ನಾಲ್ಕು ನಾಲ್ಕು ಸಕ್ಕರೆ ಕತ್ತರಿಸುತ್ತಾ ಹೋದರೆ ತುಂಡುಗಳು ನೀರಿಗೆ ಬರುತ್ತವೆ. ಒಂದು ಕಡೆ ಕಚ್ಚಿ ಬಿಟ್ಟುಹೋದರೆ ಹೊಸ ತುದಿ ಪೇಪರಿನಲ್ಲೇ ಉಳಿಯುತ್ತದೆ. ವಿಲ್ಸನ್ ಗುಂಪಿನಲ್ಲಿ ನೀರಿನ ಸಕ್ಕರೆಯನ್ನು ಪೇಪರಿನದರಿಂದ ಭಾಗಿಸಿದಾಗ, ಪೂರ್ತಿ ಕಿಣ್ವಕ್ಕೆ 6.9, ಇ4-68ಕ್ಕೆ 3.5, ನಿಮ್ಮಂಥದ್ದಕ್ಕೆ 1.3, ಬರೀ ಕತ್ತರಿಸುವ ಭಾಗಕ್ಕೆ 0.6 ಬಂದಿತ್ತು.

ಬಫರ್_ಭಟ್ಟ: ಫಿಲ್ಟರ್ ಪೇಪರೇ ಮುಖ್ಯ ಆದರೆ ಪೂರ್ತಿ 90 ಇಟ್ಟುಕೊಳ್ಳಿ. ವಿಲ್ಸನ್ ಗುಂಪು ಇಟ್ಟಿದ್ದ 4.5% ಕರಗಿಸುವ ಗುರಿ ಮುಟ್ಟಿದ್ದು ಅದೊಂದೇ.

ಕಿಣ್ವದಹುಳ: ಪೇಪರ್ ಕುದಿಸಿದೆ. ನಿಜ, ಪೇಪರಿನ ಕೊಳವೆಯಲ್ಲಿ ಬಣ್ಣ ಬಂತು! ಮೂಲ ಪ್ಲಾಸ್ಮಿಡ್ ಫ್ರೀಜರಿನಲ್ಲಿದೆ. ಸಿಬಿಎಂ3ಸಿ ಆದ ಕೂಡಲೇ ಸ್ಟಾಪ್ ಕೋಡಾನ್ ಇಡುವ ಪ್ರೈಮರ್ ಬರೆಯುತ್ತಿದ್ದೇನೆ. ಕತ್ತರಿಸುವ ಭಾಗವನ್ನು ಸಿಬಿಎಂ3ಸಿಗೆ ಜೋಡಿಸುವ ಲಿಂಕರನ್ನು ಚಿಕ್ಕದು ಮಾಡಲೇ?

ಗೊಬ್ಬರಗುಂಡಿ: ಅದನ್ನು ಮುಟ್ಟಲೇಬೇಡಿ.