ಮಿನಿಯಾಪೋಲಿಸ್ ಚಳಿಗೆ ಎಂಥ ಕೋಟು ತಗೊಳ್ಳಲಿ? ಅನುಭವ ಇದ್ದವರು ಹೇಳಿ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು. ಓದೋಕೆ ಅಂತ ಜನವರಿ ಎರಡನೇ ವಾರ ಅಮೆರಿಕದ ಮಿನಿಯಾಪೋಲಿಸ್‌ಗೆ ಹೊರಟಿದ್ದೇನೆ. ಕಾರು ಇರುವುದಿಲ್ಲ, ಬಸ್ಸು, ಟ್ರೈನು, ನಡಿಗೆ ಅಷ್ಟೇ. ಎತ್ತರ ಐದಡಿ ಒಂದಿಂಚು. ಕೋಟು ಇಲ್ಲೇ ಕೊಳ್ಳಲಾ, ಅಲ್ಲಿ ಹೋಗಿ ಕೊಳ್ಳಲಾ? ಇನ್ನೂರು ಡಾಲರ್ ಒಳಗೆ ಒಳ್ಳೆಯದು ಸಿಗುತ್ತಾ? ಡೌನ್, ಫಿಲ್ ಪವರ್ ಅಂತೆಲ್ಲ ಬರೆದಿರುತ್ತಾರೆ, ತಲೆಬುಡ ಗೊತ್ತಾಗ್ತಿಲ್ಲ. ಹಕ್ಕಿ ಗರಿ ತುಂಬಿದ ಕೋಟು ಬೇಡ ಅಂತ ಅಮ್ಮ ಬೇರೆ ಹೇಳ್ತಿದ್ದಾರೆ.

ಮಿನಿಯಾಪೋಲಿಸ್‌ನಿಂದ

ಇಲ್ಲಿಗೆ ಬಂದೇ ಕೊಳ್ಳಿ. ಕೋಟು ಮೈಮೇಲೆ ಹಾಕಿ ನೋಡಿ ಕೊಳ್ಳುವ ವಸ್ತು. ಊರಲ್ಲಿ ಸಿಗುವ ಜಾಕೆಟ್‌ಗಳು ಊಟಿ, ಮನಾಲಿ ಪ್ರವಾಸಕ್ಕೆ ಸಾಕು, ಈ ಊರಿಗೆ ಸಾಲುವುದಿಲ್ಲ. ಈ ಊರಿರುವ ಮಿನ್ನೆಸೋಟ ರಾಜ್ಯದಲ್ಲಿ ಬಟ್ಟೆಗೆ ಸೇಲ್ಸ್ ಟ್ಯಾಕ್ಸ್ ಇಲ್ಲ. ನೀವು ಬರುವ ಹೊತ್ತಿಗೆ ಚಳಿಗಾಲದ ಬಟ್ಟೆಗಳ ಬೆಲೆಯೂ ಇಳಿದಿರುತ್ತದೆ. ಏರ್‌ಪೋರ್ಟ್‌ನಿಂದ ಬ್ಲೂ ಲೈನ್ ಟ್ರೈನು ಹತ್ತಿದರೆ ನೇರ ಮಾಲ್ ಆಫ್ ಅಮೆರಿಕಕ್ಕೆ ಹೋಗುತ್ತದೆ. ಹಾಗಾಗಿ ಬಂದ ಮರುದಿನವೇ ಹೋಗಿ ತರಬಹುದು. ಇಳಿದ ದಿನಕ್ಕೆ ಒಂದು ಥರ್ಮಲ್, ಫ್ಲೀಸ್ (ಮೆತ್ತನೆ ಉಣ್ಣೆಯಂಥ ಬಟ್ಟೆಯ ಮೇಲಂಗಿ), ಗಾಳಿ ತಡೆಯುವ ಜಾಕೆಟ್, ಕೈಗವಸು ಮತ್ತು ಕಿವಿ ಮುಚ್ಚುವ ಟೋಪಿ ಸಾಕು. ನಮ್ಮ ಮಂಕಿ ಕ್ಯಾಪೇ ಆದರೂ ನಡೆಯುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಕರೆದೊಯ್ಯಲು ಯಾರಾದರೂ ಬರುವುದಾದರೆ ಒಂದು ಹಳೇ ಕೋಟು ತರಲು ಹೇಳಿ. ಇಲ್ಲಿ ಎಲ್ಲರ ಮನೆಯಲ್ಲೂ ಒಂದೆರಡು ಜಾಸ್ತಿ ಇರುತ್ತವೆ.

ಈಗ ಚಳಿಯ ವಿಷಯ. ಜನವರಿಯಲ್ಲಿ ರಾತ್ರಿಯ ಸರಾಸರಿ ಮೈನಸ್ 13 ಡಿಗ್ರಿ ಸೆಲ್ಸಿಯಸ್ ಹತ್ತಿರ. ಕೆಲವು ದಿನ ಮೈನಸ್ 25, 30ಕ್ಕೂ ಇಳಿಯುತ್ತದೆ. ಅದರ ಜೊತೆ ಗಾಳಿ. ಇಲ್ಲಿನ ಹವಾಮಾನ ವರದಿಯಲ್ಲಿ ವಿಂಡ್ ಚಿಲ್ ಅಂತ, ಗಾಳಿಯೂ ಸೇರಿ ಮೈಗೆ ಎಷ್ಟು ಚಳಿ ಅನ್ನಿಸುತ್ತದೆ ಅನ್ನುವ ಒಂದು ಅಂಕಿ ಕೊಡುತ್ತಾರೆ, ಬೆಳಿಗ್ಗೆ ಅದನ್ನೇ ನೋಡಿ. ಅದು ಮೈನಸ್ 28ರ ಕೆಳಗೆ ಹೋದರೆ ಬರಿ ಚರ್ಮ 10ರಿಂದ 30 ನಿಮಿಷದೊಳಗೆ ಹೆಪ್ಪುಗಟ್ಟಬಹುದು. ಬಸ್ಸು ತಡವಾದರೆ ಅಷ್ಟು ಹೊತ್ತು ನಿಂತೇ ಇರಬೇಕಾಗುತ್ತದೆ ಅಲ್ವಾ? ಅದಕ್ಕೇ ನಾನು ಕೋಟಿನ ಒಳಗೆ ಏನು ತುಂಬಿದ್ದಾರೆ ಅನ್ನುವುದಕ್ಕಿಂತ ಮೊದಲು ಗಾಳಿ ಎಲ್ಲಿಂದ ನುಗ್ಗುತ್ತದೆ ಅಂತ ನೋಡುತ್ತೇನೆ.

ಮೊದಲು ತೋಳಿನ ತುದಿ ನೋಡಿ. ತೋಳೊಳಗೆ ಕೈ ಹಾಕಿದರೆ ಮಣಿಕಟ್ಟಿನ ಹತ್ತಿರ ಸ್ವೆಟರ್ ಅಂಚಿನಂಥ ಹೆಣಿಗೆಯ ಪಟ್ಟಿ ಸಿಗಬೇಕು. ಕೆಲವದರಲ್ಲಿ ಹೆಬ್ಬೆರಳಿಗೆ ತೂತೂ ಇರುತ್ತದೆ. ಅದಿಲ್ಲದ ಕೋಟಿನಲ್ಲಿ, ಬಸ್ಸಿನ ಕಂಬಿ ಹಿಡಿಯಲು ಕೈ ಎತ್ತಿದರೆ ಸಾಕು, ಗಾಳಿ ಕಂಕುಳದವರೆಗೂ ನುಗ್ಗುತ್ತದೆ. ಆಮೇಲೆ ಜಿಪ್. ಅದರ ಮೇಲೆ ಗುಂಡಿಯಿಂದಲೋ ವೆಲ್ಕ್ರೋದಿಂದಲೋ ಮುಚ್ಚುವ ಬಟ್ಟೆಯ ಪಟ್ಟಿ ಇರಬೇಕು. ಜಿಪ್ಪನ್ನು ಕೆಳಗಿನಿಂದಲೂ ಬಿಚ್ಚುವಂತಿರಬೇಕು, ಇಲ್ಲದಿದ್ದರೆ ಉದ್ದ ಕೋಟಿನಲ್ಲಿ ಸೀಟಿನ ಮೇಲೆ ಕೂರುವುದು, ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟ. ಕೈಗವಸು ಹಾಕಿಕೊಂಡೇ ಜಿಪ್ ಎಳೆದು ನೋಡಿ. ಎಳೆಯುವ ತುಂಡು ಚಿಕ್ಕದಾಗಿದ್ದರೆ ಪ್ರತಿ ಸಲ ಕೈಗವಸು ಬಿಚ್ಚಬೇಕಾಗುತ್ತದೆ.

ಕೋಟಿಗೇ ಸೇರಿರುವ ಟೋಪಿ ಆಳವಾಗಿರಬೇಕು, ಕತ್ತಿನವರೆಗೆ ಜಿಪ್ ಹಾಕಿದಾಗ ಗಲ್ಲ ಮುಚ್ಚಬೇಕು. ತುರುಬು ಕಟ್ಟುವ ಅಭ್ಯಾಸ ಇದ್ದರೆ ತುರುಬು ಕಟ್ಟಿಕೊಂಡೇ ಅಂಗಡಿಗೆ ಹೋಗಿ. ಹಲವು ಟೋಪಿಗಳು ಅದರ ಮೇಲೆ ಕೂರುವುದೇ ಇಲ್ಲ, ಹಿಂದಕ್ಕೆ ಜಾರುತ್ತವೆ. ಒಳಜೇಬು ಇದೆಯಾ ನೋಡಿ, ಫೋನು ಅಲ್ಲೇ ಇರಲಿ. ಈ ಚಳಿಗೆ ಹೊರಜೇಬಿನ ಫೋನಿನ ಬ್ಯಾಟರಿ ನೋಡನೋಡುತ್ತಲೇ ಇಳಿದುಹೋಗುತ್ತದೆ.

ಉದ್ದ ಮಂಡಿಯವರೆಗೆ ಬಂದರೆ ಒಳ್ಳೆಯದು, ತೊಡೆಯ ಅರ್ಧಕ್ಕಾದರೂ ಇಳಿಯಲೇಬೇಕು. ನಡು ಹಿಡಿಸಿ, ಬೆಲ್ಟು ಬಿಗಿದ ಕೋಟುಗಳು ಚೆನ್ನಾಗಿ ಕಾಣುತ್ತವೆ ನಿಜ. ಆದರೆ ಬೆಚ್ಚಗಿಡುವುದು ಒಳಗೆ ನಿಂತಿರುವ ಗಾಳಿ. ಬಿಗಿದರೆ ಅದಕ್ಕೆ ಜಾಗವೇ ಇರುವುದಿಲ್ಲ. ದಪ್ಪ ಸ್ವೆಟರ್ ಹಾಕಿಕೊಂಡು ಹೋಗಿ, ಅದರ ಮೇಲೆ ಕೋಟು ತೊಟ್ಟು ಎರಡೂ ಕೈ ಮೇಲೆತ್ತಿ, ಬಗ್ಗಿ ನೋಡಿ. ಎಲ್ಲೂ ಎಳೆಯಬಾರದು.

ಡೌನ್ ಅಂದರೆ ಬಾತು, ಹೆಬ್ಬಾತುಗಳ ಎದೆಯ ಮೆತ್ತನೆ ತುಪ್ಪುಳ. ಒಂದು ಔನ್ಸ್ ತುಪ್ಪುಳ ಎಷ್ಟು ಘನ ಇಂಚು ಜಾಗ ತುಂಬುವಂತೆ ಉಬ್ಬುತ್ತದೆ ಅನ್ನುವ ಲೆಕ್ಕವೇ ಫಿಲ್ ಪವರ್. ಊರಲ್ಲಿ ಓಡಾಡಲು 550ರಿಂದ 650 ಧಾರಾಳ. 800 ಅಂದರೆ ಕಡಿಮೆ ತೂಕಕ್ಕೆ ಹೆಚ್ಚು ಬಿಸುಪು, ಅದು ಬೆನ್ನಿಗೆ ಚೀಲ ಹೊತ್ತು ಬೆಟ್ಟ ಹತ್ತುವವರಿಗೆ ಬೇಕು. ಎಷ್ಟು ತುಂಬಿದ್ದಾರೆ ಅನ್ನುವುದೂ ಮುಖ್ಯ, ಹಿಡಿಯಷ್ಟು ತುಂಬಿ 800 ಅಂತ ಬರೆದರೆ ಏನು ಬಂತು? ಬೆನ್ನು, ಹೆಗಲಿನ ಹತ್ತಿರ ಹಿಸುಕಿ ನೋಡಿ, ಕೈ ಬಿಟ್ಟ ಕೂಡಲೇ ಉಬ್ಬಿ ಬರಬೇಕು.

ಇನ್ನೂರು ಡಾಲರ್‌ಗೆ ಖಂಡಿತ ಸಿಗುತ್ತದೆ.

ಮಾಂಟ್ರಿಯಲ್‌ನಿಂದ

ಮೇಲಿನವರು ಹೇಳಿದ್ದೆಲ್ಲ ಸರಿ. ಒಂದೇ ಮಾತು ಸೇರಿಸುತ್ತೇನೆ. ಸೊನ್ನೆಯ ಆಸುಪಾಸಿನಲ್ಲಿ ಬೀಳುವ ಹಿಮ ಬಟ್ಟೆಯ ಮೇಲೆ ಕರಗಿ ನೀರಾಗುತ್ತದೆ. ಡೌನ್ ಒದ್ದೆಯಾದರೆ ಮುದ್ದೆಯಾಗಿ ಬಿಡುತ್ತದೆ, ಆಮೇಲೆ ಬೆಚ್ಚಗಿಡುವುದಿಲ್ಲ. ಮೈನಸ್ 15ರ ಒಣ ಹಿಮವಾದರೆ ಕೊಡವಿದರೆ ಉದುರುತ್ತದೆ, ಆ ಚಿಂತೆ ಇಲ್ಲ. ನಿಮ್ಮ ಕಡೆ ನವೆಂಬರ್, ಮಾರ್ಚ್‌ನಲ್ಲಿ ಒದ್ದೆ ಹಿಮ ಇರುತ್ತದೆ, ಅದಕ್ಕೆ ಹೊರಬಟ್ಟೆ ನೀರು ತಡೆಯುವಂಥದ್ದೇ ಇರಲಿ. ರಸ್ತೆಗೆ ಉಪ್ಪು ಹಾಕುತ್ತಾರೆ, ಕೋಟಿನ ಕೆಳ ಅಂಚೆಲ್ಲ ಬಿಳಿ ಕಲೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ಎಡ್ಮಂಟನ್‌ನಿಂದ, ಊರು ಧಾರವಾಡ

ತಂಗಿ, ನಾನೂ ನಿಮ್ಮಷ್ಟೇ ಎತ್ತರ. ಅಂಗಡಿಯಲ್ಲಿ ಪಿಟೀಟ್ ಅಂತ ಬರೆದಿರುವ ಅಳತೆ ಕೇಳಿ. ಸಾಮಾನ್ಯ ಅಳತೆಯದರಲ್ಲಿ ತೋಳು ಬೆರಳು ಮುಚ್ಚುತ್ತದೆ, ಮಂಡಿಗೆ ಬರಬೇಕಾದ್ದು ಕಾಲಿನ ಮೀನಖಂಡಕ್ಕೆ ಬರುತ್ತದೆ. ಹಿಮದಲ್ಲಿ ಹೆಜ್ಜೆ ಹಾಕುವಾಗ ಅದು ಕಾಲಿಗೆ ತೊಡರುವುದು ಅಪಾಯ. ಚಿಕ್ಕ ಹುಡುಗಿಯರ ವಿಭಾಗದ ದೊಡ್ಡ ಸೈಜುಗಳನ್ನೂ ನೋಡಿ, ಬೆಲೆ ಎಷ್ಟೋ ಕಮ್ಮಿ. ಆದರೆ ಎದೆ, ಸೊಂಟದ ಹತ್ತಿರ ಹಿಡಿಯುತ್ತದೋ ಏನೋ ನೋಡಿಕೊಳ್ಳಿ.

ಕಪ್ಪು ಬಣ್ಣ ಕೊಳೆ ಕಾಣಿಸುವುದಿಲ್ಲ ಅಂತ ಎಲ್ಲರೂ ಅದನ್ನೇ ಕೊಳ್ಳುತ್ತಾರೆ. ನನ್ನ ಮಾತು ಕೇಳಿದರೆ ಕೆಂಪೋ ಹಳದಿಯೋ ತಗೊಳ್ಳಿ. ಡಿಸೆಂಬರ್‌ನಲ್ಲಿ ನಿಮ್ಮೂರಲ್ಲೂ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಜಾರುವ ರಸ್ತೆಯಲ್ಲಿ ಕಾರಿಗೆ ಬೇಗ ಬ್ರೇಕ್ ಬೀಳುವುದಿಲ್ಲ, ನೀವು ದೂರದಿಂದಲೇ ಕಾಣಬೇಕು. ಕಪ್ಪೇ ಇಷ್ಟ ಅಂದರೆ ತೋಳಿಗೆ ಹೊಳೆಯುವ ಪಟ್ಟಿಯಾದರೂ ಕಟ್ಟಿಕೊಳ್ಳಿ.

ರೋಚೆಸ್ಟರ್, ಮಿನ್ನೆಸೋಟದಿಂದ

ಅಮ್ಮನ ಮಾತಿಗೆ ದಾರಿ ಇದೆ. ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಬಂದಿತ್ತು, ನಾನು ಸಿಂಥೆಟಿಕ್ ತುಂಬಿದ್ದನ್ನೇ ಹಾಕುತ್ತೇನೆ. ಪ್ರೈಮಾಲಾಫ್ಟ್ ಅನ್ನುವುದನ್ನು 1980ರ ದಶಕದಲ್ಲಿ ಅಮೆರಿಕದ ಸೇನೆಗೆ ಡೌನ್ ಬದಲಿಗೆ ಅಂತಲೇ ತಯಾರಿಸಿದರು. ಥಿನ್ಸುಲೇಟ್ ಇನ್ನೊಂದು. ಅದನ್ನು ಮಾಡುವ ತ್ರೀಎಂ ಕಂಪನಿ ನೀವು ಹೋಗುತ್ತಿರುವ ಕಡೆಯದ್ದೇ, ಸೇಂಟ್ ಪಾಲ್ ಪಕ್ಕದಲ್ಲಿದೆ. ಅಷ್ಟೇ ಬಿಸುಪಿಗೆ ಇವು ಡೌನ್‌ಗಿಂತ ಸ್ವಲ್ಪ ಭಾರ. ಆದರೆ ಒದ್ದೆಯಾದರೂ ಪೂರ್ತಿ ಕೈಕೊಡುವುದಿಲ್ಲ, ಬೆಲೆಯೂ ಕಮ್ಮಿ. ಟೋಪಿಯ ಅಂಚಿಗೆ ಹಾಕುವ ತುಪ್ಪಟ ನೋಡಿ ಕೊಳ್ಳಿ, ಕೆಲವದರಲ್ಲಿ ಅದು ನಿಜವಾದ ಪ್ರಾಣಿಯದ್ದು. ಕೆನಡಾ ಗೂಸ್‌ನಂಥ ದುಬಾರಿ ಕಂಪನಿಯೇ 2022ರ ಕೊನೆಗೆ ಅದನ್ನು ಬಳಸಿ ಹೊಲಿಯುವುದನ್ನು ನಿಲ್ಲಿಸಿತು, ಆದರೆ ಹಳೆಯ ಕೋಟುಗಳಲ್ಲಿ ಇನ್ನೂ ಸಿಗುತ್ತದೆ. ಡೌನೇ ಕೊಳ್ಳುವ ಮನಸ್ಸಾದರೆ, ಜೀವಂತ ಹಕ್ಕಿಯಿಂದ ಕಿತ್ತ ತುಪ್ಪುಳವಲ್ಲ ಅನ್ನುವ ಆರ್‌ಡಿಎಸ್ ಗುರುತು ನೋಡಿ ತಗೊಳ್ಳಿ.

ಇನ್ನು ಸೀರೆ. ನೀವು ಬಂದ ಕೂಡಲೇ ಸಂಕ್ರಾಂತಿ ಇರುತ್ತದೆ, ಯಾರಾದರೂ ಮೇಪಲ್ ಗ್ರೋವ್ ದೇವಸ್ಥಾನಕ್ಕೆ ಕರೆದೇ ಕರೆಯುತ್ತಾರೆ. ಲಂಗದ ಒಳಗೆ ಫ್ಲೀಸ್ ಹಚ್ಚಿದ ಲೆಗ್ಗಿಂಗ್ಸ್ ಹಾಕಿ, ನೆರಿಗೆಯನ್ನು ಪಾದದಿಂದ ಸ್ವಲ್ಪ ಮೇಲೇ ನಿಲ್ಲಿಸಿ. ಬೂಟು ಹಾಕಿಕೊಂಡೇ ಹೋಗಿ. ಕೋಟು ತೊಡುವಾಗ ಸೆರಗನ್ನು ಮುಂದಕ್ಕೆ ತಂದು ಸೊಂಟಕ್ಕೆ ಸಿಕ್ಕಿಸಿದರೆ ಜಿಪ್ಪಿಗೆ ಸಿಕ್ಕುವುದಿಲ್ಲ. ಜಿಪ್ಪಿನ ಹಲ್ಲಿಗೆ ಸಿಕ್ಕಿ ಜರಿ ಅಂಚು ಕಿತ್ತುಬಂದದ್ದನ್ನು ನೋಡಿದ್ದೇನೆ, ಅದನ್ನು ಮತ್ತೆ ಸರಿಮಾಡಲು ಆಗುವುದಿಲ್ಲ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ, ಸಿಂಥೆಟಿಕ್ ಅಂತ ತೀರ್ಮಾನ ಆಯಿತು. ಸೆಕೆಂಡ್ ಹ್ಯಾಂಡ್ ಕೊಂಡರೆ ಹೇಗೆ? ಒಗೆಯುವುದು ಹೇಗೆ?

ಮಿನಿಯಾಪೋಲಿಸ್‌ನಿಂದ

ಧೈರ್ಯವಾಗಿ ಕೊಳ್ಳಿ. ಗುಡ್‌ವಿಲ್‌ನಂಥ ಅಂಗಡಿಗಳಲ್ಲಿ ಇಲ್ಲಿನವರು ಒಂದೆರಡು ಚಳಿಗಾಲ ಹಾಕಿ ಕೊಟ್ಟ ಒಳ್ಳೊಳ್ಳೆ ಕೋಟುಗಳಿರುತ್ತವೆ. ಜಿಪ್ಪನ್ನು ಮೇಲಿಂದ ಕೆಳಗೆ ಪೂರ್ತಿ ಎಳೆದು ನೋಡಿ. ಬೆಳಕಿಗೆ ಹಿಡಿದು ಹೆಗಲಿನ ಭಾಗ ತೆಳುವಾಗಿದೆಯಾ ನೋಡಿ, ಬೆನ್ನಿನ ಚೀಲದ ಪಟ್ಟಿ ಉಜ್ಜಿ ಅಲ್ಲೇ ಮೊದಲು ಸವೆಯುವುದು. ಸಿಂಥೆಟಿಕ್ ವರ್ಷಗಳು ಕಳೆದಂತೆ ಚಪ್ಪಟೆಯಾಗುತ್ತದೆ, ತುಂಬಾ ಹಳೆಯದು ಬೇಡ.

ಒಗೆಯಲು ಮುಂದಿನಿಂದ ಬಟ್ಟೆ ಹಾಕುವ ಮಷೀನೇ ಆಗಬೇಕು, ನೀರು ತಣ್ಣಗಿರಲಿ, ಸೋಪು ಕಮ್ಮಿ ಹಾಕಿ. ಜಿಪ್ಪು, ಗುಂಡಿ ಎಲ್ಲ ಮುಚ್ಚಿ ಹಾಕಿ. ಡ್ರೈಯರ್‌ನಲ್ಲಿ ಕಡಿಮೆ ಬಿಸಿಗೆ ಇಟ್ಟು, ಹೆಗಲು ಮತ್ತು ಜೇಬಿನ ಹೊಲಿಗೆಗಳನ್ನು ಮುಟ್ಟಿ ನೋಡಿ, ಒದ್ದೆ ಉಳಿಯುವುದು ಅಲ್ಲೇ. ಮುಂದೆ ಎಂದಾದರೂ ಡೌನ್ ಕೋಟು ಬಂದರೆ ಜೊತೆಗೆ ಎರಡು ಟೆನ್ನಿಸ್ ಚೆಂಡು ಹಾಕಿ, ಗಂಟು ಬಿಡಿಸುತ್ತವೆ. ಎಲ್ಲದಕ್ಕೂ ಮೊದಲು ಒಳಗೆ ಹೊಲಿದಿರುವ ಚೀಟಿ ಓದಿ, ಕೆಲವು ಕೋಟುಗಳನ್ನು ಡ್ರೈಯರ್‌ಗೆ ಹಾಕುವ ಹಾಗಿಲ್ಲ.