ಮೂರು ಕಡೆಯ ಎಂಟ್ರಿಗಳಲ್ಲಿ ಯಾವುದು ಮೊದಲು? ಅನುಭವ ಹಂಚಿಕೆ

ಕೇಳಿದವರು, ಹಾವೇರಿ:
ನಮ್ಮದು ಹಾವೇರಿ, ಬ್ಯಾಡಗಿ, ಹುಬ್ಬಳ್ಳಿಗಳಲ್ಲಿ ಗೋದಾಮುಗಳಿರುವ ಮೆಣಸಿನಕಾಯಿ ವ್ಯಾಪಾರ. ಮೂರೂ ಕಡೆಯ ಕಂಪ್ಯೂಟರುಗಳು ನೆಟ್ ಇಲ್ಲದಾಗಲೂ ಎಂಟ್ರಿ ಬರೆದುಕೊಂಡು, ಸಂಪರ್ಕ ಬಂದ ಮೇಲೆ ಒಂದಕ್ಕೊಂದು ಕಳುಹಿಸುತ್ತವೆ. ಒಂದೇ ಲಾಟಿಗೆ ಎರಡು ಎಂಟ್ರಿ ಬಂದರೆ ಸಮಯ ನೋಡಿ ಕೊನೆಯದನ್ನು ಉಳಿಸಿಕೊಳ್ಳುತ್ತೇವೆ. ಆದರೂ ಲೆಕ್ಕ ತಪ್ಪುತ್ತಿದೆ. ಗಡಿಯಾರಗಳನ್ನು ಸರಿಪಡಿಸಿದರೆ ಸಾಕೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಬ್ಯಾಡಗಿಯಿಂದ:
ಸಾಲದು ಎಂಬುದನ್ನು ನಾವು ಪೆಟ್ಟು ತಿಂದು ಕಲಿತೆವು. ಹೋದ ಸುಗ್ಗಿಯಲ್ಲಿ ಒಂದು ಲಾಟಿಗೆ 40 ಚೀಲ ಎಂದು ಅಂಗಡಿಯಲ್ಲಿ ಬರೆದು, ಮಾಲನ್ನು ಕೋಲ್ಡ್ ಸ್ಟೋರೇಜಿಗೆ ಕಳುಹಿಸಿದೆವು. ಅಲ್ಲಿಯ ಗುಮಾಸ್ತರು ನಮ್ಮ ಎಂಟ್ರಿಯನ್ನು ನೋಡಿ, ಚೀಲಗಳನ್ನು ಎಣಿಸಿ, 38 ಎಂದು ತಿದ್ದಿದರು. ಅವರ ಕಂಪ್ಯೂಟರಿನೊಳಗಿನ ಸೆಲ್ ಹೋಗಿ ಗಡಿಯಾರ 20 ನಿಮಿಷ ಹಿಂದೆ ಬಿದ್ದಿದ್ದರಿಂದ, ನಾವು ಬರೆದದ್ದು 11:02ಕ್ಕೆ, ಅವರು ತಿದ್ದಿದ್ದು 10:51ಕ್ಕೆ ಎಂದು ದಾಖಲಾಯಿತು. ಪ್ರೋಗ್ರಾಮು ತಿದ್ದುಪಡಿಯನ್ನೇ ಹಳೆಯದೆಂದು ಬಗೆದು ಕೈಬಿಟ್ಟು, 40 ಚೀಲಕ್ಕೆ ಬಿಲ್ ಮಾಡಿತು.

ನಮ್ಮ ಎಂಟ್ರಿಯನ್ನು ಓದಿದ ಮೇಲೆಯೇ ಅವರು ತಿದ್ದಿದ್ದು. ಹಾಗಾಗಿ ಯಾವುದು ಮೊದಲು ಎಂದು ತಿಳಿಯಲು ಗಡಿಯಾರವೇ ಬೇಕಿರಲಿಲ್ಲ. ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರ ತಮ್ಮ ಪ್ರಬಂಧದಲ್ಲಿ ತಾರ್ಕಿಕ ಗಡಿಯಾರವನ್ನು ಕಟ್ಟಿದ್ದು ಈ ಅಡಿಪಾಯದ ಮೇಲೆಯೇ. ಪ್ರತಿ ಯಂತ್ರವೂ ಒಂದು ಎಣಿಕೆಯನ್ನು ಇಟ್ಟುಕೊಂಡು ಪ್ರತಿ ಘಟನೆಗೆ ಒಂದನ್ನು ಕೂಡಿಸುತ್ತದೆ, ಕಳುಹಿಸುವಾಗ ಆ ಅಂಕಿಯನ್ನು ಜೊತೆಗಿಡುತ್ತದೆ, ಪಡೆದಾಗ ತನ್ನದು ಮತ್ತು ಬಂದದ್ದರಲ್ಲಿ ದೊಡ್ಡದನ್ನು ಹಿಡಿದು ಅದಕ್ಕೆ ಒಂದನ್ನು ಕೂಡಿಸುತ್ತದೆ. ನಮ್ಮ 40ರ ಎಂಟ್ರಿಗೆ 7 ಎಂಬ ಅಂಕಿ ಇದ್ದು, ಕೋಲ್ಡ್ ಸ್ಟೋರೇಜಿನ ಎಣಿಕೆ ಆಗ 3 ಇದ್ದಿದ್ದರೂ, ಅದನ್ನು ಪಡೆದಾಗ 8, ತಿದ್ದಿದಾಗ 9 ಆಗುತ್ತದೆ. ಸೆಲ್ ಹೋಗಲಿ ಬಿಡಲಿ, 9 ಎಂಬುದು 7ರ ನಂತರವೇ ನಿಲ್ಲುತ್ತದೆ.

ಧಾರವಾಡದಿಂದ:
ಬ್ಯಾಡಗಿಯವರು ಹೇಳಿದ್ದು ಸರಿ; ಆದರೆ ಇಲ್ಲಿಗೇ ನಿಲ್ಲಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಕಾರಣವಾದ ಘಟನೆಯ ಅಂಕಿ ಯಾವಾಗಲೂ ಚಿಕ್ಕದು, ನಿಜ. ಆದರೆ ಅಂಕಿ ಚಿಕ್ಕದಾಗಿದೆ ಎಂದ ಮಾತ್ರಕ್ಕೆ ಅದು ಕಾರಣವೆಂದಾಗದು. 38ರ ತಿದ್ದುಪಡಿಯನ್ನು ಕಾಣದ ಹುಬ್ಬಳ್ಳಿಯ ಕಚೇರಿ, ನೆಟ್ ಇಲ್ಲದ ಹೊತ್ತಿನಲ್ಲಿ ಅದೇ ಲಾಟನ್ನು 39 ಎಂದು ತಿದ್ದಿ ಅದಕ್ಕೆ 10 ಎಂಬ ಅಂಕಿ ಬಿದ್ದಿದ್ದರೆ, ಪ್ರೋಗ್ರಾಮು 39ನ್ನೇ ಗೆಲ್ಲಿಸುತ್ತಿತ್ತು, ಎಣಿಸಿದವರ ಮಾತು ಸದ್ದಿಲ್ಲದೆ ಅಳಿಸಿಹೋಗುತ್ತಿತ್ತು.

ಇದಕ್ಕಾಗಿ 1988ರ ಸುಮಾರಿಗೆ ಫಿಜ್ ಮತ್ತು ಮ್ಯಾಟರ್ನ್ ಎಂಬ ಸಂಶೋಧಕರು ಬೇರೆ ಬೇರೆಯಾಗಿ ವೆಕ್ಟರ್ ಗಡಿಯಾರವನ್ನು ರೂಪಿಸಿದರು. ಒಂದು ಅಂಕಿಯ ಬದಲು ಕಂಪ್ಯೂಟರಿಗೊಂದರಂತೆ ಮೂರು ಅಂಕಿ ಇಡಿ; ಬರೆಯುವವರು ತಾವು ಕಂಡ ಎಂಟ್ರಿಯ ಅಂಕಿಗಳನ್ನು ಹಿಡಿದು, ತಮ್ಮ ಸ್ಥಾನದಲ್ಲಿ ಮಾತ್ರ ಒಂದನ್ನು ಕೂಡಿಸಲಿ. ಆ ಲಾಟಿನ ಮಟ್ಟಿಗೆ ಅಂಗಡಿ, ಕೋಲ್ಡ್ ಸ್ಟೋರೇಜ್, ಕಚೇರಿ ಎಂಬ ಕ್ರಮದಲ್ಲಿ ಮೊದಲ ಎಂಟ್ರಿ 1-0-0, ಕೋಲ್ಡ್ ಸ್ಟೋರೇಜಿನ ತಿದ್ದುಪಡಿ 1-1-0, ಕಚೇರಿಯದು 1-0-1. ಕೊನೆಯ ಎರಡರಲ್ಲಿ ಒಂದೊಂದು ಸ್ಥಾನದಲ್ಲಿ ಒಂದೊಂದು ಮುಂದಿರುವುದರಿಂದ, ಬರೆಯುವಾಗ ಒಬ್ಬರ ಎಂಟ್ರಿ ಇನ್ನೊಬ್ಬರಿಗೆ ಕಂಡಿರಲಿಲ್ಲ ಎಂಬುದು ಖಚಿತವಾಗುತ್ತದೆ. ಆಗ ಎರಡನ್ನೂ ಉಳಿಸಿ, ಚೀಲ ಎಣಿಸಬಲ್ಲವರ ಮುಂದೆ ಇಡಿ. ಅಮೆಜಾನ್ 2007ರಲ್ಲಿ ವಿವರಿಸಿದ ಡೈನಮೋ ಎಂಬ ದತ್ತಾಂಶ ಸಂಗ್ರಹ ವ್ಯವಸ್ಥೆಯೂ ಇಂಥ ಎರಡೂ ಪ್ರತಿಗಳನ್ನು ಹಿಂತಿರುಗಿಸಿ, ಕೂಡಿಸುವ ಹೊಣೆಯನ್ನು ಬಳಸುವ ಪ್ರೋಗ್ರಾಮಿಗೆ ಬಿಡುತ್ತಿತ್ತು. ಮೂರು ಕಂಪ್ಯೂಟರುಗಳಿಗೆ ಮೂರು ಅಂಕಿ ಭಾರವಲ್ಲ. ಪ್ರತಿ ಹಮಾಲರ ಮೊಬೈಲೂ ಎಂಟ್ರಿ ಬರೆಯುವಂತಾದರೆ ಪಟ್ಟಿ ಬೆಳೆಯುತ್ತದೆ, ಆಗ ಬೇರೆ ಯೋಚನೆ ಬೇಕು.

ಗದಗದಿಂದ:
ನಮ್ಮಲ್ಲಿ ಕಾಡಿದ್ದು ಫೋನು. ಒಬ್ಬರು ಎಂಟ್ರಿ ಬರೆದು, ಇನ್ನೊಂದು ಊರಿಗೆ ಕರೆ ಮಾಡಿ "ಆ ಲಾಟು ಬಿಡುಗಡೆ ಮಾಡ್ರಿ" ಎನ್ನುತ್ತಾರೆ. ಅವರು ಮೊದಲಿನ ಎಂಟ್ರಿ ತಮ್ಮ ಯಂತ್ರಕ್ಕೆ ಬರುವ ಮೊದಲೇ ಬಿಡುಗಡೆ ಬರೆಯುತ್ತಾರೆ. ಕಾರಣ ಹರಿದದ್ದು ಮಾತಿನಲ್ಲಿ, ಯಂತ್ರಕ್ಕೆ ಅದರ ಸುಳಿವೇ ಇಲ್ಲ. ಲ್ಯಾಂಪೋರ್ಟ್ ಅದೇ ಪ್ರಬಂಧದಲ್ಲಿ ಬೇರೆ ಊರಿನ ಗೆಳೆಯನಿಗೆ ಫೋನ್ ಮಾಡುವ ಇದೇ ಉದಾಹರಣೆಯನ್ನು ಕೊಟ್ಟಿದ್ದಾರೆ. ಈಗ ನಾವು ಪ್ರತಿ ಎಂಟ್ರಿಯ ಅಂಕಿಯನ್ನು ಪರದೆಯಲ್ಲಿ ದೊಡ್ಡದಾಗಿ ತೋರಿಸುತ್ತೇವೆ. ಕರೆ ಮಾಡಿದವರು ಅದನ್ನೂ ಹೇಳುತ್ತಾರೆ, ಕೇಳಿದವರು ತಮ್ಮ ಬಿಡುಗಡೆ ಚೀಟಿಯಲ್ಲಿ ತುಂಬುತ್ತಾರೆ. ಗೋಡೆ ಗಡಿಯಾರದ ಸಮಯವನ್ನು ಬಿಲ್ಲಿನ ಮೇಲೆ ಅಚ್ಚಾಗಲೆಂದು ಇಟ್ಟುಕೊಂಡಿದ್ದೇವೆ, ಕ್ರಮ ನಿರ್ಧರಿಸಲು ಅದನ್ನು ಬಳಸುವುದಿಲ್ಲ.