ಚಳಿಯಲ್ಲಿ ಎರಡನೇ ಗೇರ್ ಬೀಳುತ್ತಿಲ್ಲ: ಗೇರ್ ಬಾಕ್ಸಿನ ಎಣ್ಣೆಯನ್ನು ಮನೆಯಲ್ಲೇ ಬದಲಿಸಬಹುದೇ?

ಅಥಣಿ ರಸ್ತೆಯವನು, ವಿಜಯಪುರ

ಎಲ್ಲರಿಗೂ ನಮಸ್ಕಾರ. ನನ್ನದು 2013ರ ಸಣ್ಣ ಪೆಟ್ರೋಲ್ ಕಾರು, ಐದು ಗೇರಿನದು. ಮೀಟರ್ ಲಕ್ಷದ ಹತ್ತಿರ ಬಂದಿದೆ. ಈಗಿನ ಚಳಿಗೆ ಬೆಳಿಗ್ಗೆ ಹೊರಗೆ ತೆಗೆದರೆ ಎರಡನೇ ಗೇರ್ ಒಲ್ಲೆ ಎನ್ನುತ್ತದೆ. ಒತ್ತಿದರೆ ಕರ್ರ್ ಎಂದು ಸದ್ದು ಮಾಡಿ ಬೀಳುತ್ತದೆ. ನಾಲ್ಕಾರು ಕಿಲೋಮೀಟರ್ ಹೋದ ಮೇಲೆ ತಾನೇ ಸರಿಯಾಗುತ್ತದೆ. ಗೇರ್ ಬಾಕ್ಸಿನ ಎಣ್ಣೆ ಬದಲಿಸಿದ್ದು ಸರ್ವಿಸ್ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ.

ಎಂಜಿನ್ ಎಣ್ಣೆಯನ್ನು ನಾನೇ ಬದಲಿಸುತ್ತೇನೆ, ಆದ್ದರಿಂದ ಇದಕ್ಕೂ ಕೈ ಹಾಕಬಹುದು ಎಂಬ ಧೈರ್ಯವಿದೆ. ಆದರೆ ಅಂಗಡಿಯಲ್ಲಿ ಕೇಳಿದರೆ "ಗೇರ್ ಎಣ್ಣೆ ಎಂದರೆ 90 ನಂಬರ್, ಟ್ರ್ಯಾಕ್ಟರಿಗೂ ಅದೇ, ಕಾರಿಗೂ ಅದೇ" ಎಂದು ಡ್ರಮ್ಮಿನಿಂದ ಅಳೆದು ಕೊಡಲು ಹೊರಟರು. ತೆಗೆದುಕೊಳ್ಳದೆ ಬಂದೆ. ಯಾವ ಎಣ್ಣೆ ಹಾಕಬೇಕು, ಎಷ್ಟು ಹಾಕಬೇಕು? ಇನ್ನೊಂದು, ನಮ್ಮ ಅಂಗಳಕ್ಕೆ ಕಾಂಕ್ರೀಟ್ ಇಲ್ಲ, ಬರೀ ಎರೆ ಮಣ್ಣು. ಫರಸಿ ಕಲ್ಲಿನ ತುಂಡುಗಳು ಬಿದ್ದಿವೆ. ಅವುಗಳ ಮೇಲೆ ಜಾಕ್ ಇಟ್ಟರೆ ನಡೆಯುತ್ತದೆಯೇ?

ಹೈವೇ ಹಕ್ಕಿ, ಇಳಕಲ್

ಗೇರ್ ಬಾಕ್ಸಿನ ಎಣ್ಣೆ ಗಾಡಿಯ ಆಯುಷ್ಯ ಇರುವವರೆಗೆ ಬರುತ್ತದೆ ಸರ್. ಅದನ್ನು ಮುಟ್ಟದೇ ಇರುವುದೇ ಒಳ್ಳೆಯದು. ಮುಟ್ಟಿದ ಮೇಲೆಯೇ ಸೋರಲು ಶುರುವಾಗುತ್ತದೆ.

ನಿವೃತ್ತ ಐಟಿಐ, ನವನಗರ ಬಾಗಲಕೋಟೆ

ಇಳಕಲ್ಲಿನವರೇ, ಯಾರ ಆಯುಷ್ಯ ಎಂದು ಹೇಳಲಿಲ್ಲ. ಗೇರ್ ಬಾಕ್ಸಿನೊಳಗೆ ಹೊಗೆ, ಮಸಿ ಹೋಗುವುದಿಲ್ಲ, ಆದ್ದರಿಂದ ಎಂಜಿನ್ ಎಣ್ಣೆಯಷ್ಟು ಬೇಗ ಅದು ಕೆಡುವುದಿಲ್ಲ, ಅಷ್ಟು ನಿಜ. ಆದರೆ ಅಲ್ಲಿ ಫಿಲ್ಟರೂ ಇಲ್ಲ. ಹಲ್ಲುಗಳಿಂದ ಸವೆದ ಲೋಹವೆಲ್ಲ ಅದೇ ಎಣ್ಣೆಯಲ್ಲಿ ತಿರುಗುತ್ತಿರುತ್ತದೆ. ಲಕ್ಷ ಕಿಲೋಮೀಟರಿಗೆ ಒಮ್ಮೆಯಾದರೂ ಬದಲಿಸಿದರೆ ಯಾರ ಗಂಟೂ ಹೋಗುವುದಿಲ್ಲ. ಇನ್ನು ಸೋರುವುದು ಎಣ್ಣೆ ಬದಲಿಸಿದ್ದರಿಂದ ಅಲ್ಲ, ಹಳೆಯ ವಾಷರನ್ನೇ ಮತ್ತೆ ಹಾಕಿದ್ದರಿಂದ.

ವಿಜಯಪುರದವರೇ, ಅಂಗಡಿಯಿಂದ ಬರಿಗೈಯಲ್ಲಿ ಬಂದಿರಲ್ಲ, ಅದೇ ಬುದ್ಧಿವಂತಿಕೆ. ಎಣ್ಣೆಗೆ ಹಣ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಬೆಳಿಗ್ಗೆ ಎಂಜಿನ್ ಬಂದ್ ಇರುವಾಗ ಕ್ಲಚ್ ತುಳಿದು ಎಲ್ಲ ಗೇರುಗಳನ್ನೂ ಹಾಕಿ ನೋಡಿ. ನಂತರ ಎಂಜಿನ್ ಚಾಲೂ ಮಾಡಿ ನಿಂತಲ್ಲೇ ಹಾಕಿ. ಬಂದ್ ಇದ್ದಾಗ ಸಲೀಸಾಗಿ ಬಿದ್ದು, ಚಾಲೂ ಇದ್ದಾಗ ಎಲ್ಲವೂ ತಕರಾರು ಮಾಡಿದರೆ, ಅದರಲ್ಲೂ ರಿವರ್ಸ್ ಕಿರುಚಿದರೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಆಗ ಯಾವ ಎಣ್ಣೆ ಸುರಿದರೂ ವ್ಯರ್ಥ. ನಿಮ್ಮಂತೆ ಒಂದೇ ಗೇರ್, ಅದೂ ಚಳಿಯಲ್ಲಿ, ಓಡುವಾಗ ಮಾತ್ರ ಹಟ ಮಾಡಿದರೆ ಅನುಮಾನ ಸಿಂಕ್ರೊ ರಿಂಗಿನ ಮೇಲೆ ಮತ್ತು ಎಣ್ಣೆಯ ಮೇಲೆ.

ಆ ರಿಂಗ್ ಸಾಮಾನ್ಯವಾಗಿ ಹಿತ್ತಾಳೆಯದು. ಗೇರ್ ಬದಲಿಸಿದಾಗ ಅದು ಗೇರಿನ ಕೋನಿಗೆ, ಅಂದರೆ ಶಂಕುವಿನಾಕಾರದ ಭಾಗಕ್ಕೆ, ಉಜ್ಜಿಕೊಂಡು ಎರಡರ ವೇಗವನ್ನೂ ಸಮ ಮಾಡುತ್ತದೆ, ಆಮೇಲೆ ಹಲ್ಲು ಕೂಡುತ್ತವೆ. ಉಜ್ಜಬೇಕಾದರೆ ನಡುವಿನ ಎಣ್ಣೆಯ ಪದರ ಸರಿಯಬೇಕು. ಚಳಿಗೆ ಗಟ್ಟಿಯಾದ ಎಣ್ಣೆ ಬೇಗ ಸರಿಯುವುದಿಲ್ಲ, ವೇಗ ಸಮವಾಗುವುದಿಲ್ಲ, ನಿಮಗೆ ಕರ್ರ್ ಎಂದು ಕೇಳುತ್ತದೆ. ಎಣ್ಣೆ ಕಾದ ಮೇಲೆ ತೆಳುವಾಗಿ ಎಲ್ಲವೂ ಸುಸೂತ್ರ. ಬರೀ 90 ನಂಬರ್ ಹಾಕಿದರೆ ಬೆಳಗಿನ ಈ ತೊಂದರೆ ಇನ್ನೂ ಹೆಚ್ಚುತ್ತದೆ.

ಡಬ್ಬಿಯ ಮೇಲೆ ಎರಡು ಸಂಗತಿ ನೋಡಿ. ಮೊದಲನೆಯದು ದಪ್ಪ: 75ಡಬ್ಲ್ಯು-80, 75ಡಬ್ಲ್ಯು-90 ಹೀಗೆ. ಡಬ್ಲ್ಯು ಇರುವ ಮೊದಲ ಸಂಖ್ಯೆ ಚಳಿಯಲ್ಲಿನ ದಪ್ಪಕ್ಕೆ, ಎರಡನೆಯದು ಬಿಸಿಯಲ್ಲಿನ ದಪ್ಪಕ್ಕೆ. ನಿಮ್ಮ ಗಾಡಿಯ ಮಾಲೀಕರ ಕೈಪಿಡಿಯಲ್ಲಿ ಯಾವುದಿದೆಯೋ ಅದು. ಗೇರ್ ಎಣ್ಣೆಯ ಅಳತೆಪಟ್ಟಿಯೇ ಬೇರೆ. ಇಲ್ಲಿನ 90 ಎಂದರೆ ಎಂಜಿನ್ ಎಣ್ಣೆಯ 40, 50ರ ಆಸುಪಾಸು, ಸಂಖ್ಯೆ ನೋಡಿ ಹೆದರಬೇಡಿ. ಎರಡನೆಯದು ದರ್ಜೆ: ಜಿಎಲ್-4 ಅಥವಾ ಜಿಎಲ್-5. ಇಲ್ಲಿಯೇ ಅಂಗಡಿಯವರು "ಐದು ದೊಡ್ಡದು, ಒಳ್ಳೆಯದು" ಎಂದು ಮಾರುತ್ತಾರೆ. ಅದು ಪರೀಕ್ಷೆಯ ಅಂಕವಲ್ಲ. ಜಿಎಲ್-5ರಲ್ಲಿ ಗಂಧಕ, ರಂಜಕದ ಸೇರ್ಪಡೆ ಸುಮಾರು ಇಮ್ಮಡಿ. ಹಿಂದಿನ ಗಾಲಿ ತಿರುಗಿಸುವ ಜೀಪು, ಟೆಂಪೊಗಳ ಡಿಫರೆನ್ಶಿಯಲ್ಲಿನಲ್ಲಿ (ಎರಡೂ ಗಾಲಿಗಳಿಗೆ ಶಕ್ತಿ ಹಂಚುವ ಭಾಗ) ಹಲ್ಲುಗಳು ಒಂದರ ಮೇಲೊಂದು ಜಾರುತ್ತವೆ, ಅಲ್ಲಿಗೆ ಅದು ಬೇಕು. ನಿಮ್ಮಂಥ ಮುಂದಿನ ಗಾಲಿಯ ಸಣ್ಣ ಕಾರಿನಲ್ಲಿ ಹಾಗೆ ಜಾರುವ ಹಲ್ಲುಗಳಿಲ್ಲ, ಡಿಫರೆನ್ಶಿಯಲ್ ಕೂಡ ಗೇರ್ ಬಾಕ್ಸಿನ ಡಬ್ಬದೊಳಗೇ ಇದೆ. ಆ ಸೇರ್ಪಡೆ ಹಿತ್ತಾಳೆಯನ್ನು ತಿನ್ನಬಹುದು, ರಿಂಗನ್ನು ಉಜ್ಜಲು ಬಿಡದೆ ಜಾರಿಸಲೂಬಹುದು. ಕೈಪಿಡಿ ಜಿಎಲ್-4 ಎಂದಿದ್ದರೆ ಜಿಎಲ್-4 ಅಷ್ಟೇ. ಕೆಲವು ಕಂಪನಿಗಳು ತಮ್ಮದೇ ಎಣ್ಣೆಯನ್ನು ಹೇಳುತ್ತವೆ, ಆಗ ಅದನ್ನೇ ತನ್ನಿ. ಇಷ್ಟು ಗಾತ್ರದ ಕಾರುಗಳಿಗೆ ಸಾಮಾನ್ಯವಾಗಿ ಎರಡು ಲೀಟರಿನ ಆಸುಪಾಸು ಹಿಡಿಯುತ್ತದೆ. ಮೂರು ಲೀಟರ್ ತಂದಿಟ್ಟುಕೊಳ್ಳಿ.

ಈಗ ಕೆಲಸ. ಎಣ್ಣೆ ಇಳಿಸುವ ಕೆಳಗಿನ ಬೋಲ್ಟಿಗೆ ಪಾನಾ ಹಾಕುವ ಮೊದಲು ಮೇಲಿನ, ಎಣ್ಣೆ ತುಂಬುವ ಬೋಲ್ಟ್ ಬಿಚ್ಚುತ್ತದೆಯೇ ನೋಡಿ. ಈ ಒಂದು ಮಾತಿಗಾಗಿಯೇ ಇಷ್ಟು ಬರೆಯುತ್ತಿದ್ದೇನೆ. ನಿಮ್ಮ ಗಾಡಿಯ ಆ ಬೋಲ್ಟನ್ನು ಹತ್ತು ವರ್ಷಗಳಿಂದ ಯಾರೂ ಮುಟ್ಟಿಲ್ಲ. ಇದ್ದ ಎಣ್ಣೆಯನ್ನೆಲ್ಲ ಕೆಳಗೆ ಬಿಟ್ಟು, ಆಮೇಲೆ ಮೇಲಿನದು ಅಲುಗದಿದ್ದರೆ ಗಾಡಿ ಗ್ಯಾರೇಜಿಗೆ ಹೋಗುವುದೂ ಕಷ್ಟ. ಐಟಿಐಯಲ್ಲಿ ಈ ಪಾಠವನ್ನು ಹುಡುಗರಿಗೆ ಬೈದೇ ಕಲಿಸುತ್ತಿದ್ದೆ.

ಜಾಕಿನ ಕೆಳಗೆ ಫರಸಿ ಬೇಡವೇ ಬೇಡ. ಭಾರ ಒಂದೇ ಬಿಂದುವಿಗೆ ಬಿದ್ದಾಗ ಅದು ಹೇಳದೆ ಕೇಳದೆ ಸೀಳುತ್ತದೆ. ಸಿಮೆಂಟ್ ಇಟ್ಟಿಗೆಯೂ ಹಾಗೆಯೇ. ಎರೆ ಮಣ್ಣಿನಲ್ಲಿ ಜಾಕ್ ಹೂತುಕೊಳ್ಳುತ್ತದೆ, ಮಳೆಯಾಗಿದ್ದರೆ ಇನ್ನೂ ಬೇಗ. ದಪ್ಪನೆಯ ಜಾಲಿ ಮರದ ಹಲಗೆ ಹಾಕಿ, ಅದರ ಮೇಲೆ ಜಾಕ್, ಎರಡೂ ಕಡೆ ಸ್ಟ್ಯಾಂಡ್, ಹಿಂದಿನ ಗಾಲಿಗೆ ಕಲ್ಲಿನ ತಡೆ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು. ಇಷ್ಟು ಸಾಮಾನಿಲ್ಲದಿದ್ದರೆ ತಗ್ಗು ಇರುವ ವಾಷಿಂಗ್ ಸೆಂಟರಿನವರನ್ನು ಒಂದು ತಾಸು ಜಾಗ ಕೇಳಿ.

ಹತ್ತು ಕಿಲೋಮೀಟರ್ ಓಡಿಸಿ ಬಂದು, ಎಣ್ಣೆ ಬಿಸಿಯಿರುವಾಗಲೇ ಬಿಡಿ. ಕೆಳಗಿನ ಬೋಲ್ಟಿನ ತುದಿಗೆ ಬಹುತೇಕ ಅಯಸ್ಕಾಂತವಿರುತ್ತದೆ. ಅದಕ್ಕೆ ಕಾಡಿಗೆಯಂಥ ನುಣ್ಣನೆಯ ಕರಿ ಅಂಟಿದ್ದರೆ ಚಿಂತೆಯಿಲ್ಲ, ಒರೆಸಿ. ಬೆರಳ ನಡುವೆ ತಿಕ್ಕಿ ನೋಡಿ. ಚುಚ್ಚುವ ಚೂರು, ಹಲ್ಲಿನ ತುಣುಕು ಸಿಕ್ಕರೆ ಅದು ಎಣ್ಣೆಯಿಂದ ವಾಸಿಯಾಗುವ ರೋಗವಲ್ಲ. ಹೊಸ ವಾಷರ್ ಹಾಕಿ ಬಿಗಿ ಮಾಡಿ. ಬಿಚ್ಚುವಾಗ ಪಾನಾಕ್ಕೆ ಪೈಪ್ ತೊಡಿಸಿದರೂ ಸರಿ, ಬಿಗಿಯುವಾಗ ಬೇಡ. ಡಬ್ಬ ಅಲ್ಯೂಮಿನಿಯಂನದು, ಬೋಲ್ಟ್ ಕೂಡುವ ತೂತಿನ ಮರೆ (ಸುರುಳಿ ಗೆರೆ) ಹಾರಿದರೆ ಖರ್ಚು ದೊಡ್ಡದು.

ತುಂಬಲು ಗೌಂಡಿಗಳು ಲೆವೆಲ್ ನೋಡುವ ಪಾರದರ್ಶಕ ಪೈಪ್ ತನ್ನಿ. ಬಾನೆಟ್ಟಿನ ಮೇಲಿನಿಂದ ಇಳಿಸಿ, ಮೇಲ್ತುದಿಗೆ ಲಾಳಿಕೆ ಸಿಕ್ಕಿಸಿ ನಿಧಾನವಾಗಿ ಹೊಯ್ಯಿರಿ. ಬಹಳಷ್ಟು ಗಾಡಿಗಳಲ್ಲಿ ತುಂಬುವ ತೂತೇ ಅಳತೆಯ ತೂತು, ಅದರ ಅಂಚಿನಿಂದ ಎಣ್ಣೆ ಹೊರಚೆಲ್ಲಿದರೆ ಸಾಕು. ಆದರೆ ಆಗ ಗಾಡಿ ಸಮತಟ್ಟಾಗಿ ನಿಂತಿರಬೇಕು. ಮೂಗು ಮೇಲಿದ್ದರೆ ಅಳತೆ ತಪ್ಪುತ್ತದೆ. ಅದೇ ಪೈಪಿಗೆ ನೀರು ತುಂಬಿ ಮುಂದಿನ, ಹಿಂದಿನ ಜಾಕ್ ಹಚ್ಚುವ ಜಾಗಗಳ ಎತ್ತರವನ್ನು ಹೋಲಿಸಿ ನೋಡಬಹುದು. ಇದನ್ನು ಮೊದಲು ಮಾಡಿಕೊಳ್ಳಿ, ಎಣ್ಣೆಯ ಪೈಪಿಗೆ ಆಮೇಲೆ ನೀರು ತಾಗಬಾರದು.

ಉದ್ಯಮಬಾಗ, ಬೆಳಗಾವಿ

ಗುರುಗಳು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಕಡೆ ಮಳೆಗಾಲದಲ್ಲಿ ಖಾನಾಪುರದ ಆಚೆ ರಸ್ತೆಯ ಮೇಲೆಯೇ ನೀರು ಹರಿಯುತ್ತದೆ. ಗೇರ್ ಬಾಕ್ಸಿಗೆ ಉಸಿರಾಡಲು ಒಂದು ಸಣ್ಣ ತೂತು ಇರುತ್ತದೆ. ಬಿಸಿ ಡಬ್ಬ ತಣ್ಣೀರಿನಲ್ಲಿ ಇಳಿದಾಗ ಅಲ್ಲಿಂದ ನೀರು ಒಳಗೆ ಎಳೆಯುತ್ತದೆ. ಇಳಿಸಿದ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದು ತಿಳಿಯಿರಿ. ಹಾಗಿದ್ದರೆ ಹೊಸ ಎಣ್ಣೆ ಹಾಕಿ ಸ್ವಲ್ಪ ದಿನ ಓಡಿಸಿ ಮತ್ತೊಮ್ಮೆ ಬದಲಿಸಬೇಕಾಗುತ್ತದೆ.

ಅಥಣಿ ರಸ್ತೆಯವನು, ವಿಜಯಪುರ

ಗುರುಗಳೇ, ಪರೀಕ್ಷೆ ಮಾಡಿದೆ. ನಿಂತಲ್ಲಿ ರಿವರ್ಸ್ ಸೇರಿ ಎಲ್ಲವೂ ಸಲೀಸಾಗಿ ಬೀಳುತ್ತವೆ. ಕೈಪಿಡಿಯಲ್ಲಿ 75ಡಬ್ಲ್ಯು-80, ಜಿಎಲ್-4 ಎಂದಿದೆ. ಕೆಳಗೆ ತಲೆ ಹಾಕದೆ ಟಾರ್ಚ್ ಬಿಟ್ಟು ನೋಡಿದಾಗ ಕಂಡ ಬೋಲ್ಟಿಗೆ ತಲೆಯೇ ಇಲ್ಲ, ಚೌಕಾಕಾರದ ತೂತು ಇದೆ. ಅದಕ್ಕೆ ಯಾವ ಪಾನಾ? ಹಳೆಯ ಎಣ್ಣೆಯನ್ನು ಬೇಲಿಯ ಗೂಟಗಳಿಗೆ ಗೆದ್ದಲು ಹತ್ತದಂತೆ ಬಳಿಯಲು ನಮ್ಮ ಕಾಕಾ ಈಗಲೇ ಕೇಳುತ್ತಿದ್ದಾರೆ.

ನಿವೃತ್ತ ಐಟಿಐ, ನವನಗರ ಬಾಗಲಕೋಟೆ

ಸಾಕೆಟ್ ಸೆಟ್ಟಿನ ಹಿಡಿಕೆಯ ಚೌಕ ತುದಿಯನ್ನೇ ಸಾಕೆಟ್ ಇಲ್ಲದೆ ಆ ತೂತಿಗೆ ಕೂಡಿಸಿ ನೋಡಿ, ಬಹಳ ಸಲ ಅದೇ ಕೂಡುತ್ತದೆ. ಮೊದಲು ತೂತಿನೊಳಗಿನ ಮಣ್ಣನ್ನು ಮೊಳೆಯಿಂದ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಅರ್ಧ ಮಾತ್ರ ಕೂತು ಮೂಲೆಗಳು ಉರುಟಾಗುತ್ತವೆ. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ.

ಕಾಕಾ ಅವರಿಗೆ ನನ್ನ ನಮಸ್ಕಾರ ತಿಳಿಸಿ, ಎಣ್ಣೆ ಮಾತ್ರ ಕೊಡಬೇಡಿ. ಗೂಟದಿಂದ ಮಣ್ಣಿಗೆ, ಮಣ್ಣಿನಿಂದ ಬಾವಿಗೆ ಇಳಿಯುತ್ತದೆ. ಕೇಂದ್ರ ಸರ್ಕಾರದ 2016ರ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. ಹೊಸ ಎಣ್ಣೆಯ ಡಬ್ಬಿಗಳಿಗೇ ತುಂಬಿ, ಹಳೆ ಎಣ್ಣೆಯ ಡ್ರಮ್ ಇಟ್ಟಿರುವ ದೊಡ್ಡ ಗ್ಯಾರೇಜಿಗೆ ಕೊಟ್ಟುಬನ್ನಿ. ಎಣ್ಣೆ ಬಿದ್ದ ಬಟ್ಟೆಯನ್ನು ಮನೆಯ ಬಟ್ಟೆಗಳ ಜೊತೆ ಹಾಕಬೇಡಿ. ಆ ಗಂಧಕದ ವಾಸನೆ ಸಾಬೂನಿಗೆ ಜಗ್ಗುವುದಿಲ್ಲ, ಆಮೇಲೆ ಮನೆಯವರ ಬೈಗುಳಕ್ಕೆ ನನ್ನ ಹೆಸರು ಹೇಳಬೇಡಿ.